ಓದೋಕಾ, ಜನ ನೋಡೋಕಾ?

ಚಿಂತಾಮಣಿ ಹತ್ರದ ಹಳ್ಳಿಯಿಂದ ಓದುಗರೊಬ್ಬರು ಬರ್ದಿದ್ದಾರೆ. ಊರಲ್ಲೇ ಹೈಸ್ಕೂಲಿದ್ರೂ ಮಗಳು ಎಂಟನೇ ಕ್ಲಾಸಿಗೆ ಟೌನ್ ಶಾಲೆಗೇ ಹೋಗ್ತೀನಿ, ಅಲ್ಲಿ ಎಲ್ಲಾ ಥರದ ಮಕ್ಕಳೂ ಬರ್ತಾರೆ ಅಂತ ಹಟ ಹಿಡಿದಿದ್ದಾಳಂತೆ. "ಸ್ಕೂಲಿಗೆ ಓದೋಕೆ ಹೋಗೋದಾ, ಜನ ನೋಡೋಕೆ ಹೋಗೋದಾ ಸಾರ್?"

ಎರಡಕ್ಕೂ ಸ್ವಾಮಿ. ಬಸ್ಸಲ್ಲಿ ನೇತಾಡ್ಕೊಂಡು ಹೋಗೋ ಕಷ್ಟ, ಹೆಣ್ಮಗು ಕತ್ತಲಾಗೋಷ್ಟರಲ್ಲಿ ಮನೆ ಸೇರ್ಬೇಕು ಅನ್ನೋ ಆತಂಕ, ಒಪ್ಪಿದೆ. ಆದ್ರೂ ನಿಮ್ಮ ಮಗಳ ಮಾತೇ ನಂಗೆ ಹಿಡಿಸ್ತು.

ನಮ್ದು ರೇಷ್ಮೆ ಬೆಳೆಯೋ ಮನೆ. ಗೂಡು ಮಾರಿ ಬಂದ ದಿನ ನಮ್ಮಪ್ಪ, ಗೂಡು ಕೊಂಡು ನೂಲು ತೆಗೆಯೋ ರೀಲರ್‌ಗಳನ್ನ ಬೈಯೋರು, ಹರಾಜಲ್ಲಿ ಒಳಗೊಳಗೇ ಮಾತಾಡ್ಕೊಂಡು ರೇಟ್ ಇಳಿಸ್ತಾರೆ ಅಂತ, ಅದನ್ನ ಕೇಳ್ಕೊಂಡೇ ಬೆಳೆದೋನು ನಾನು. ಶಿಡ್ಲಘಟ್ಟಕ್ಕೆ ಓದೋಕೆ ಹೋದ್ರೆ ಪಕ್ಕದಲ್ಲಿ ಕೂತೋನೇ ರೀಲರ್ ಮಗ, ಅವರ ಮನೇಲಿ ಉರ್ದು, ನಮ್ಮನೇಲಿ ತೆಲುಗು, ಬೆಂಚಲ್ಲಿ ಇಬ್ರಿಗೂ ಕನ್ನಡ. ಒಂದಿನ ಅವರ ಮನೆಗೆ ಹೋದೆ, ಹುಳ ಬೆಂದ ವಾಸನೆ, ಬಿಸಿನೀರಲ್ಲಿ ಅದ್ದಿ ಅದ್ದಿ ಅವರಮ್ಮನ ಬೆರಳೆಲ್ಲ ಸುಕ್ಕು. ಅವರಪ್ಪ ನಗ್ತಾನೇ ಕೇಳಿದ್ರು, "ಯಾಕಪ್ಪಾ, ನಿಮ್ಮೋರು ಜಾಲರಿ ತಳಕ್ಕೆ ಕೆಟ್ಟ ಗೂಡು ಹಾಕಿ ಮೇಲೆ ಒಳ್ಳೇದು ಹರಡ್ತಾರೆ?" ಮಾತೇ ಬರ್ಲಿಲ್ಲ ನಂಗೆ, ಹಿಂದಿನ ವಾರ ತಾನೇ ಆ ಕೆಲ್ಸ ನಾನೇ ಕೈಯಾರೆ ಮಾಡಿದ್ದೆ. ಮನೇಲಿ ಹೇಳಿದ್ರೆ ಅಪ್ಪ ಸುಮ್ನೆ ಬೀಡಿ ಹಚ್ಚಿದ್ರು. ಯಾವ ಪಾಠದಲ್ಲಿದೆ ಹೇಳಿ ಇದು?

ನಮ್ಮ ಗೌರಿಬಿದನೂರು ಹೊಸೂರಿನ ಎಚ್. ನರಸಿಂಹಯ್ಯನೋರು 1935ರಲ್ಲಿ ಬೆಂಗಳೂರಿಗೆ ನಡ್ಕೊಂಡೇ ಹೋಗಿ ನ್ಯಾಷನಲ್ ಹೈಸ್ಕೂಲ್ ಸೇರಿದ್ರು. ಸಂಜೆ ಮನೆಗೆ ವಾಪಸ್ ಬರೋ ಮಾತೇ ಇರ್ಲಿಲ್ಲ.

ಮಕ್ಕಳು ನೆರೆಹೊರೆ ಶಾಲೇಲೇ ಓದ್ಬೇಕು ಅಂತ 1964-66ರ ಕೊಠಾರಿ ಆಯೋಗ ಹೇಳಿತ್ತಲ್ಲ ಅಂತೀರೇನೋ. ಅದು ಹೇಳಿದ್ದು ಬಡವ ಬಲ್ಲಿದ, ಎಲ್ಲ ಜಾತಿ ಮಕ್ಕಳೂ ಒಟ್ಟಿಗೆ ಕೂರ್ಲಿ ಅಂತ ಕಣ್ರೀ! ಊರೇ ಕೇರಿ ಕೇರಿಯಾಗಿ ಒಡೆದಿದೆ, ದುಡ್ಡಿದ್ದೋರ ಮಕ್ಕಳು ಹಳದಿ ವ್ಯಾನ್ ಹತ್ತಿ ಹೋಗ್ತಾರೆ, ಇನ್ನು ಒಟ್ಟಿಗೆ ಕೂರೋರ್ಯಾರು? ಆ ವ್ಯಾನೂ ಅಷ್ಟೇ, ಇಪ್ಪತ್ತು ಹಳ್ಳಿ ಸುತ್ತಿ ಒಂದೇ ಫೀಸಿನ ಮಕ್ಕಳನ್ನ ತುಂಬ್ಕೊಂಡು ಬರುತ್ತೆ, ಅಷ್ಟು ಡೀಸೆಲ್ ಸುಟ್ಟು ನಮ್ಮಂಥೋರ್ನೇ ನೋಡೋಕೆ ಹೋಗೋದು. ಆರ್‌ಟಿಇ ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ, ಅದರಲ್ಲಿ ಪ್ರೈವೇಟ್ ಸ್ಕೂಲಲ್ಲಿ ಬಡ ಮಕ್ಕಳಿಗಿಟ್ಟ 25 ಪರ್ಸೆಂಟ್ ಸೀಟಿಂದ ಒಂದಿಷ್ಟು ಬೆರೀತಿದ್ರು, ಹತ್ರದಲ್ಲಿ ಸರ್ಕಾರಿ ಶಾಲೆ ಇದ್ರೆ ಪ್ರೈವೇಟ್‌ನಲ್ಲಿ ಆ ಸೀಟಿಲ್ಲ ಅಂತ 2019ರಲ್ಲಿ ಅದಕ್ಕೂ ಕತ್ತರಿ ಹಾಕಿದ್ರು.

ಚಾರ್ಜಿನ ಮಾತಂತೂ ಎತ್ಬೇಡಿ, 2023ರ ಜೂನಿಂದ ಸರ್ಕಾರಿ ಬಸ್ಸಲ್ಲಿ ಹೆಣ್ಮಕ್ಕಳಿಗೆ ಫ್ರೀ. ನಿಮ್ಮೂರಿಗೆ ಬರೀ ಪ್ರೈವೇಟ್ ಬಸ್ಸೇನಾ? ಹಾಗಿದ್ರೆ ಬೆಳಗ್ಗೆ ಎಂಟಕ್ಕೊಂದು ಬಸ್ ಬಿಡಿ ಅಂತ ಡಿಪೋಗೆ ಅರ್ಜಿ ಹಾಕಿ, ಮಗಳ ಕೈಲೇ ಬರೆಸಿ. ಒಂದು ಕಾಪಿ ನಂಗೂ ಕಳ್ಸಿ.