ಶಸ್ತ್ರಚಿಕಿತ್ಸೆಯೋ, ರೇಡಿಯೇಷನ್ನೋ?

ಪ್ರಶ್ನೆ: ನನಗೆ 39 ವರ್ಷ, ಇಬ್ಬರು ಮಕ್ಕಳಿದ್ದಾರೆ. ಗರ್ಭಕಂಠದಲ್ಲಿ 3 ಸೆಂ.ಮೀ. ಗಾತ್ರದ ಕ್ಯಾನ್ಸರ್ ಗಡ್ಡೆ ಇದೆ, ಇನ್ನೂ ಆರಂಭದ ಹಂತ ಎಂದಿದ್ದಾರೆ. ಒಬ್ಬ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ರೇಡಿಯೇಷನ್‌ನಿಂದಲೂ ಗುಣವಾಗುತ್ತದೆ ಎನ್ನುತ್ತಾರೆ. ಯಜಮಾನರಿಗೆ ತೆಗೆಸಿಬಿಡುವುದೇ ಸರಿಯೆನಿಸಿದೆ. ಅತ್ತೆಯವರು, ಕರೆಂಟ್ (ರೇಡಿಯೇಷನ್) ಕೊಡಿಸುವುದು ಉಳಿಯದವರಿಗೆ ಎಂದು ಅಳುತ್ತಾರೆ. ಏನು ಮಾಡಲಿ?

ಉತ್ತರ: ಸಹೋದರಿ, ಮೊದಲು ಅತ್ತೆಯವರ ಭಯವನ್ನು ಕಳೆಯಿರಿ. ಆರಂಭದ ಹಂತದ ಈ ಕಾಯಿಲೆಯಲ್ಲಿ ಎರಡು ಚಿಕಿತ್ಸೆಗಳನ್ನೂ ನೇರವಾಗಿ ಹೋಲಿಸಿದ ಇಟಲಿಯ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು; ಐದು ವರ್ಷಗಳ ನಂತರ ಎರಡೂ ಗುಂಪುಗಳಲ್ಲಿ ಶೇ. 83ರಷ್ಟು ಮಹಿಳೆಯರು ಬದುಕಿದ್ದರು. ರೇಡಿಯೇಷನ್ ಕೈಚೆಲ್ಲಿದವರ ಚಿಕಿತ್ಸೆಯಲ್ಲ.

ಆದರೆ ಅದೇ ಅಧ್ಯಯನದ ಇನ್ನೊಂದು ಸಂಗತಿ ನಿಮಗೆ ಹೆಚ್ಚು ಮುಖ್ಯವೆಂದು ನನಗನಿಸುತ್ತದೆ. ಶಸ್ತ್ರಚಿಕಿತ್ಸೆಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ, ದುಗ್ಧಗ್ರಂಥಿಗಳಲ್ಲೋ (ಲಿಂಫ್ ನೋಡ್) ತೆಗೆದ ಭಾಗದ ಅಂಚಿನಲ್ಲೋ ಕಾಯಿಲೆ ಕಂಡದ್ದರಿಂದ ಅಥವಾ ಅಂಥದೇ ಬೇರೆ ಕಾರಣಗಳಿಂದ, ಆಮೇಲೆ ರೇಡಿಯೇಷನ್ನನ್ನೂ ಕೊಡಬೇಕಾಯಿತು. ತೀವ್ರ ತೊಂದರೆಗಳು ರೇಡಿಯೇಷನ್ ಗುಂಪಿನಲ್ಲಿ ಶೇ. 12 ಇದ್ದರೆ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 28 ಇದ್ದವು. ಎರಡನ್ನೂ ಅನುಭವಿಸಿದ ದೇಹಕ್ಕೆ ಮೂತ್ರಕೋಶದ ತೊಂದರೆ, ಕಾಲು ಊತದಂತಹ ಕಷ್ಟಗಳು ಹೆಚ್ಚು. ಹಾಗಾಗಿ ಯಾವುದು ಮೇಲು ಎಂದು ಕೇಳುವುದರ ಬದಲು, ಎಂಆರ್‌ಐ ವರದಿಯನ್ನು ಮುಂದಿಟ್ಟು, ‘ಆಪರೇಷನ್ ಒಂದರಲ್ಲೇ ಮುಗಿಯುವ ಸಾಧ್ಯತೆ ನನಗೆ ಎಷ್ಟಿದೆ?’ ಎಂದು ಕೇಳಿ.

ಆ ಸಾಧ್ಯತೆ ಚೆನ್ನಾಗಿದ್ದರೆ ನಿಮ್ಮ ವಯಸ್ಸಿನಲ್ಲಿ ನಾನು ಶಸ್ತ್ರಚಿಕಿತ್ಸೆಯ ಕಡೆಗೇ ವಾಲುತ್ತೇನೆ. ಅದರಲ್ಲಿ ಅಂಡಾಶಯಗಳನ್ನು ಉಳಿಸಲು ಹಲವರಲ್ಲಿ ಸಾಧ್ಯವಾಗುತ್ತದೆ. ರೇಡಿಯೇಷನ್ ಅವುಗಳ ಕೆಲಸವನ್ನು ನಿಲ್ಲಿಸಿ ಅಕಾಲದಲ್ಲಿ ಮುಟ್ಟು ನಿಲ್ಲಿಸುತ್ತದೆ, ಯೋನಿಯನ್ನು ಬಿಗಿಯಾಗಿಸಿ ದಾಂಪತ್ಯಕ್ಕೂ ತೊಡಕಾಗಬಹುದು (ಸಂಕೋಚಪಡದೆ ಕೇಳಿದರೆ ಇದಕ್ಕೆ ಡೈಲೇಟರ್ ಎಂಬ, ಯೋನಿಯನ್ನು ಹಿಗ್ಗಿಸುವ ಸಾಧನದ ಬಳಕೆಯನ್ನು ಹೇಳಿಕೊಡುತ್ತಾರೆ). ಹೊಟ್ಟೆ ತೆರೆದು ಮಾಡುವ ಆಪರೇಷನ್ನನ್ನೇ ಕೇಳಿ. ಸಣ್ಣ ರಂಧ್ರಗಳಿಂದ, ಅಂದರೆ ಲ್ಯಾಪರೊಸ್ಕೋಪಿ ಅಥವಾ ರೋಬಾಟ್ ಮೂಲಕ ಮಾಡಿಸಿಕೊಂಡವರಲ್ಲಿ ಕಾಯಿಲೆ ಮರಳುವುದು ಹೆಚ್ಚೆಂದು 2018ರ ದೊಡ್ಡ ಅಧ್ಯಯನವೊಂದು ತೋರಿಸಿದೆ.

ದುಗ್ಧಗ್ರಂಥಿಗೆ ಹರಡಿರುವ ಅನುಮಾನ ಈಗಲೇ ಇದ್ದರೆ ಮಾತ್ರ ಯಜಮಾನರಿಗೆ ತಿಳಿಹೇಳಿ, ರೇಡಿಯೇಷನ್ನನ್ನೇ ಆರಿಸಿಕೊಳ್ಳಿ. ಸುಮಾರು ಐದು ವಾರ ಹೊರಗಿನಿಂದ, ಜೊತೆಗೆ ವಾರಕ್ಕೊಮ್ಮೆ ಕೀಮೋ, ಬಳಿಕ ಬ್ರೇಕಿಥೆರಪಿ, ಅಂದರೆ ವಿಕಿರಣದ ಮೂಲವನ್ನು ಗಡ್ಡೆಯ ಹತ್ತಿರವೇ ಇಟ್ಟು ಒಳಗಿನಿಂದ ರೇಡಿಯೇಷನ್, ಕೊಡುತ್ತಾರೆ. ಈ ಕೊನೆಯ ಭಾಗವನ್ನು ಯಾವ ಕಾರಣಕ್ಕೂ ಬಿಡಬೇಡಿ. ಇಬ್ಬರು ವೈದ್ಯರೂ ಒಟ್ಟಿಗೆ ಕುಳಿತು ಚರ್ಚಿಸುವ ಕ್ಯಾನ್ಸರ್ ಆಸ್ಪತ್ರೆಗೆ, ಬೆಂಗಳೂರಿನ ಕಿದ್ವಾಯಿಯಂಥದಕ್ಕೆ, ಈ ವಾರವೇ ವರದಿಗಳೊಂದಿಗೆ ಯಜಮಾನರನ್ನೂ ಕರೆದುಕೊಂಡು ಹೋಗಿ.