ಅಟ್ಟದ ಟ್ರಂಕಿನ ಹಳೇ ‘ಸುಧಾ’, ‘ಪ್ರಜಾವಾಣಿ’: ಲ್ಯಾಮಿನೇಷನ್ ಬೇಡ

ದಾವಣಗೆರೆ ಮನೆಯ ಅಟ್ಟದಲ್ಲಿ ಸಿಕ್ಕ ಅಜ್ಜನ ಕಾಲದ ‘ಸುಧಾ’, ‘ಪ್ರಜಾವಾಣಿ’ಗಳಿಗೆ ಲ್ಯಾಮಿನೇಷನ್ ಮಾಡಿಸಲೇ ಅಂತ ಕೇಳಿದ್ದೀರಿ. ಖಂಡಿತಾ ಬೇಡ. ಬಿಸಿಗೆ ಕರಗಿದ ಅಂಟು ಕಾಗದಕ್ಕೆ ಇಳಿದರೆ ಮತ್ತೆ ಬಿಡಿಸೋಕಾಗಲ್ಲ, ಹಳದಿಯಾಗೋದೂ ನಿಲ್ಲಲ್ಲ. ನ್ಯೂಸ್‌ಪ್ರಿಂಟ್‌ನಲ್ಲಿ ಮರದ ನಾರುಗಳನ್ನು ಹಿಡಿದಿಡೋ ಲಿಗ್ನಿನ್ ಅನ್ನೋ ಅಂಶ ಉಳಿದಿರುತ್ತೆ. ಬೆಳಕು, ಗಾಳಿ ತಾಗಿ ಆಮ್ಲ ಹುಟ್ಟಿ ಒಳಗಿಂದಲೇ ಕಾಗದ ಸಾಯುತ್ತೆ.

ಮೊದಲು ಅಟ್ಟದಿಂದ ಕೆಳಗಿಳಿಸಿ. ನಮ್ಮ ಕಡೆ ಬೇಸಿಗೆ ಝಳಕ್ಕೆ ಮಡಿಕೆಗಳು ಹಪ್ಪಳದ ಥರ ಮುರೀತವೆ, ಬಲವಂತವಾಗಿ ಬಿಡಿಸಬೇಡಿ.

‘ಸುಧಾ’ದ ಪಿನ್ನು ತುಕ್ಕು ಹಿಡಿದಿದ್ದರೆ ನಡುಪುಟ ತೆರೆದು, ಮೊಂಡ ಚಾಕುವಿನ ತುದಿಯಿಂದ ಎರಡೂ ಕಾಲು ನೆಟ್ಟಗೆ ಮಾಡಿ, ಆಮೇಲೆ ಬೆನ್ನಿನ ಕಡೆಯಿಂದ ಮೆಲ್ಲಗೆ ಎತ್ತಿ. ಸುಮ್ಮನೆ ಜಗ್ಗಿದರೆ ಸುತ್ತಲಿನ ಕಾಗದವೂ ಕಿತ್ತು ಬರುತ್ತೆ. ಅದೇ ತೂತಿನಲ್ಲಿ ಹತ್ತಿ ದಾರ ಪೋಣಿಸಿದರೆ ಸಾಕು.

ಹುಳ ಕಂಡರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಕಾಗದದ ಮೇಲೆ ನೀರು ಕೂರುತ್ತೆ.

ಹರಿದಲ್ಲಿ ಸೆಲ್ಲೋ ಟೇಪ್ ಹಚ್ಚಲೇಬೇಡಿ, ಕಂದು ಕಲೆ ಬಿಡುತ್ತೆ. ಆಮ್ಲರಹಿತ ಪೆಟ್ಟಿಗೆಯಲ್ಲಿ ಮಲಗಿಸಿ, ಗೋಡೆಗೆ ತಾಗದಂತೆ ಕಪಾಟಿನಲ್ಲಿಡಿ. ಮುಟ್ಟಿದರೆ ಮುರಿಯೋ ಹಾಗಿರೋ ಸಂಚಿಕೆಗಳ ಫೋಟೊ ಮಾತ್ರ ಈಗಲೇ ತೆಗೆದುಕೊಳ್ಳಿ.