ಅರ್ಧಕ್ಕೆ ನಿಂತ ಭೂಮಣ್ಣಿ ಬುಟ್ಟಿ

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರ ಗುರುತು ಸಿಗಬಾರದೆಂದು ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಲಲಿತಾ ಎನ್ನೋಣ. ವಯಸ್ಸು ನಲವತ್ತರ ಆಸುಪಾಸು. ತವರು ಸಾಗರದ ಕಡೆ ಹಳ್ಳಿ, ಕೆಲಸ ಶಿವಮೊಗ್ಗದಲ್ಲಿ. ಶ್ರಾವಣದ ಮಳೆಯಲ್ಲಿ ನೆನೆದುಕೊಂಡೇ ಬಂದರು. ಕೂರುವ ಮೊದಲು ಚೀಲದಿಂದ ಒಂದು ಬಿದಿರಿನ ಬುಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಬುಟ್ಟಿ ಮಾತ್ರ ಒಂದು ಹನಿಯೂ ನೆನೆದಿರಲಿಲ್ಲ. ಕೆಮ್ಮಣ್ಣು ಬಳಿದಿತ್ತು. ಒಂದು ಬದಿಗೆ ಅಕ್ಕಿ ಹಿಟ್ಟಿನ ಬಿಳಿ ಗೆರೆಗಳು, ಎಳೆ ಎಳೆಯಾಗಿ. ಇನ್ನೊಂದು ಬದಿ ಖಾಲಿ.

"ಅವ್ವ ಬರೆದಿದ್ದು ಮೇಡಂ. ಇಷ್ಟು ಬರೆದು ಹೋಗ್ಬಿಟ್ಲು."

ನಮ್ಮ ಮಲೆನಾಡಿನ ದೀವರು ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ಆಗ ಗದ್ದೆ ಬಸುರಿ. ಅವಳ ಬಯಕೆಗೆ ರಾತ್ರಿಯಿಡೀ ಅಡುಗೆ ಮಾಡಿ, ನಸುಕಿನಲ್ಲಿ ಈ ಬುಟ್ಟಿಯಲ್ಲೇ ಹೊತ್ತು ಒಯ್ಯುತ್ತಾರೆ. ಕಳೆದ ವರ್ಷ ಹುಣ್ಣಿಮೆಗೆ ಕೆಲವೇ ದಿನ ಇರುವಾಗ ಅವ್ವ ತೀರಿಕೊಂಡರು.

ವರ್ಷದ ತಿಥಿಯೊಳಗೆ ಬುಟ್ಟಿ ಮುಗಿಸಬೇಕು, ಶಿವಮೊಗ್ಗದಲ್ಲಿ ಅವ್ವನ ಹೆಸರಲ್ಲಿ ದೊಡ್ಡದೊಂದು ಚಿತ್ತಾರ ಪ್ರದರ್ಶನ ಮಾಡಬೇಕು ಎಂದು ಲಲಿತಾ ಪಣ ತೊಟ್ಟಿದ್ದರು. ಆದರೆ ಪುಂಡಿ ನಾರಿನ ಕುಂಚ ಹಿಡಿದರೆ ಕೈ ನಡುಗುತ್ತಿತ್ತು. "ನನ್ನ ಗೆರೆ ತಾಗಿದ್ರೆ ಅವಳದ್ದು ಹಾಳಾಗ್ತದೆ." ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಪ್ರತಿ ವರ್ಷ ಕರೀತಿದ್ಲು, ಬಾ ಕೂತ್ಕೋ ಅಂತ. ನಾನು ಕೂರಲೇ ಇಲ್ಲ."

ಅಸಲು ನೋವು ಇಲ್ಲಿತ್ತು.

ಮೊದಲು ನಿದ್ದೆ, ಊಟ, ಕೆಲಸ ವಿಚಾರಿಸಿದೆ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇರಲಿಲ್ಲ. ಆರು ತಿಂಗಳು ದಾಟಿದ ಮೇಲೂ ದಿನದ ಬದುಕೇ ಸಾಗದಷ್ಟು ದುಃಖವಿದ್ದರೆ ಅದಕ್ಕೆ ಚಿಕಿತ್ಸೆ ಬೇಕು, ಬುಟ್ಟಿ ಬರೆದರೆ ಸಾಲದು. ಅಂಥವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಲಲಿತಾಗೆ ಬೇಕಿದ್ದದ್ದು ಬೇರೆ. ಹೋದವರನ್ನು ಮರೆತು ಮುಂದೆ ನಡೆಯಬೇಕು ಎಂದೇ ನಮ್ಮ ಕ್ಷೇತ್ರ ಬಹಳ ಕಾಲ ಹೇಳುತ್ತಿತ್ತು. 1996ರಲ್ಲಿ, ಅಗಲಿಕೆಯ ದುಃಖವನ್ನು ಅಧ್ಯಯನ ಮಾಡಿದ ಡೆನಿಸ್ ಕ್ಲಾಸ್ ಮತ್ತು ಸಂಗಡಿಗರು ಹಾಗಲ್ಲ ಎಂದರು. ನಂಟು ಕಡಿಯಬೇಕಿಲ್ಲ, ಅದರ ರೂಪ ಬದಲಾಗುತ್ತದೆ ಅಷ್ಟೇ. ನನಗೂ ಅನುಭವದಲ್ಲಿ ಇದೇ ನಿಜ ಅನ್ನಿಸಿದೆ. ಆದರೆ ಲಲಿತಾ ಆ ನಂಟನ್ನೇ ಒಂದು ಸಾಲವಾಗಿ ಮಾಡಿಕೊಂಡಿದ್ದರು. ಅದೂ ಒಬ್ಬರೇ, ಬಾಗಿಲು ಹಾಕಿಕೊಂಡು ತೀರಿಸಲು ಹೊರಟಿದ್ದರು. ಬುಟ್ಟಿ ಬರೆಯುವುದು ಒಬ್ಬರೇ ಮಾಡುವ ಕೆಲಸವಲ್ಲ, ಅಲ್ವಾ? ಜಗಲಿ ಬೇಕು, ಪಕ್ಕದಲ್ಲಿ ಹಾಡುವವರು ಬೇಕು.

ಹೀಗೆ ಹೇಳಿದೆ: "ಈ ಬುಟ್ಟಿ ಮುಗಿಸಬೇಡಿ. ಇದು ಹೀಗೇ ಇರಲಿ. ಹೊಸದೊಂದು ತಗೊಂಡು ಚಿಕ್ಕಮ್ಮನ ಜಗಲಿಗೆ ಹೋಗಿ. ಕಲಿಸಿ ಅಂತ ಕೇಳಿ. ಅವ್ವ ಕರೆದಾಗ ಕೂರದೇ ಇದ್ದದ್ದನ್ನು ಚಿಕ್ಕಮ್ಮನ ಹತ್ತಿರ ಬಾಯಿಬಿಟ್ಟು ಹೇಳಿ. ಪ್ರದರ್ಶನದ ಮಾತು ಈ ವರ್ಷ ಬೇಡ."

ತಮ್ಮನ ಮೇಲೂ ಸಿಟ್ಟಿತ್ತು. "ಅವನು ಒಂದಿನ ಅಳ್ಲಿಲ್ಲ" ಎಂದರು. ಹುಣ್ಣಿಮೆಗೆ ಬುಟ್ಟಿ ಹೊರುತ್ತಿದ್ದದ್ದು ಯಾರು ಎಂದು ಕೇಳಿದೆ. ಅವನೇ. "ಹಾಗಾದ್ರೆ ಈ ಸಲವೂ ಹೊರ್ತೀಯಾ ಅಂತ ಕೇಳಿ, ಬೇರೇನೂ ಕೇಳಬೇಡಿ" ಎಂದೆ.

ಹುಣ್ಣಿಮೆ ಕಳೆದು ಮತ್ತೆ ಬಂದರು. ಚಿಕ್ಕಮ್ಮ ಒಂದೂ ಮಾತಾಡದೆ ಕುಂಚ ಕೈಗಿಟ್ಟರಂತೆ. ಅಕ್ಕಪಕ್ಕದ ಮನೆಯ ಮೂವರು ಹೆಂಗಸರು ಸೇರಿಕೊಂಡರು. ಅಕ್ಕಿ ಹುರಿದು ಕಪ್ಪು ಬಣ್ಣ, ಗುರಿಗೆ ಕಾಯಿಯಿಂದ ಹಳದಿ ಬಣ್ಣ ಮಾಡಿದರು. ಲಲಿತಾ ಎಳೆದ ಏಣಿಯ ಚಿತ್ತಾರ ಸೊಟ್ಟಗಾಯಿತು. "ನಿಮ್ಮವ್ವಂದೂ ಮೊದಲ ವರ್ಷ ಹಿಂಗೇ ಇತ್ತು" ಎಂದು ಒಬ್ಬಜ್ಜಿ ನಕ್ಕರು. ಆ ಮಾತು ಲಲಿತಾಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ನಸುಕಿನಲ್ಲಿ ತಮ್ಮ ಬುಟ್ಟಿ ಹೊತ್ತ. ಗದ್ದೆಗೆ ಹಚ್ಚಂಬಲಿ, ಅಂದರೆ ಸೊಪ್ಪುಗಳ ಅಡುಗೆ, ಬೀರಿ ಬಂದವನು ಅಂಗಳದಲ್ಲೇ ಕುಸಿದು ಕೂತು ಅತ್ತನಂತೆ. ಅಕ್ಕ ಪಕ್ಕದಲ್ಲಿ ಕೂತರು.

ಅವ್ವನ ಬುಟ್ಟಿ ಈಗ ಲಲಿತಾರ ಶಿವಮೊಗ್ಗದ ಮನೆಯಲ್ಲಿದೆ. ಖಾಲಿ ಬದಿ ಎದುರಿಗೆ ಕಾಣುವಂತೆ ಇಟ್ಟಿದ್ದಾರೆ. ಒಳಗೆ ಪುಂಡಿ ನಾರು ತುಂಬಿದ್ದಾರೆ.